ಕೈಗಡದ ಪುಸ್ತಕ

ಕಿಸುಮುವಿನ ಹಳೇ ರೈಲು ಗೋದಾಮಿನಲ್ಲಿ
ನನ್ನದು ಕಿಟಕಿಯಿಲ್ಲದ ಕೋಣೆ.
ಆಗ ಹತ್ತಿಯ ಮೂಟೆ ಎಣಿಸುತ್ತಿದ್ದೆ,
ಈಗ ಸ್ಕ್ರೂ ಎಣಿಸುತ್ತೇನೆ.
ಹೊರಗೆ ಬೋರ್ಡು ಬದಲಾಗಿದೆ: ನವೋದ್ಯಮ ಕೇಂದ್ರ.
ಛಾವಣಿಯ ಮೇಲಿನ ಬೋಳುತಲೆ ಕೊಕ್ಕರೆಗಳು ಅವೇ,
ಅವಕ್ಕೆ ಯಾರೂ ಸುದ್ದಿ ಮುಟ್ಟಿಸಿಲ್ಲ.

ಮಹಡಿಯ ಮೇಲೆ ಗಾಜಿನ ಕೋಣೆ, ಕಿತ್ತಳೆ ಬಣ್ಣದ ಕುರ್ಚಿ.
ದೂರದಿಂದ ಬಂದವರು ಫೋಟೋ ಅಲ್ಲೇ ತೆಗೆಸಿಕೊಳ್ಳುತ್ತಾರೆ.
ಗುರುವಾರ ಒಬ್ಬಳು ವಕೀಲೆ, ಪುಕ್ಕಟೆ,
ಕರಾರಿನಲ್ಲಿ ಗುಂಡಿ ಎಲ್ಲೆಲ್ಲಿದೆ ಎಂದು
ಪೆನ್ಸಿಲ್ಲಿನಲ್ಲಿ ಗೀಟು ಹಾಕಿ ತೋರಿಸುತ್ತಾಳೆ.
ಊರಿಗೆ ಊರೇ ಕತ್ತಲಾದ ರಾತ್ರಿ
ನಮ್ಮ ಜನರೇಟರೊಂದೇ ಗೊರಕೆ ಹೊಡೆಯುತ್ತದೆ,
ಹುಡುಗರು ಫೋನು ಚಾರ್ಜಿಗಿಟ್ಟು
ಕನಸಿಗೂ ಒಂದು ಪ್ಲಗ್ಗು ಹುಡುಕುತ್ತಾರೆ.
ಇದಿಷ್ಟೂ ಕರಪತ್ರದಲ್ಲಿದೆ.
ಉಗ್ರಾಣ ಇಲ್ಲ.

ನನ್ನ ಸುಪರ್ದಿಯಲ್ಲಿರುವುದು ಸೋತವರ ಸಾಮಾನು.
ಒಗೊಲಾನ ಮರಿ ಮಾಡುವ ಪೆಟ್ಟಿಗೆ:
ನೂರಿಪ್ಪತ್ತು ಮೊಟ್ಟೆಗೆ ನಾಲ್ಕು ಮರಿ, ಒಂದು ಕುಂಟು.
ಸರೋವರವನ್ನೇ ಮುಚ್ಚಿದ ಅಂತರಗಂಗೆಯನ್ನು
ಕಾಗದ ಮಾಡುತ್ತೇವೆಂದು ಬಂದ ಅವಳಿಗಳ ಹಲಗೆಗಳು:
ಕಾಗದವೇನೋ ಆಯಿತು,
ಬೆರಳು ದಪ್ಪ, ಶಾಯಿ ಹಿಡಿಯಲಿಲ್ಲ.
ಹೋಗುವಾಗ ಯಾರೂ ಬಾಗಿಲು ಬಡಿದು ಹೋಗಲಿಲ್ಲ.
'ನಾಲ್ಕು ದಿನ ಇರಲಿ ಅಜ್ಜ' ಎಂದು ಇಟ್ಟು ಹೋದರು.
ಆ ನಾಲ್ಕು ದಿನಕ್ಕೆ ಈಗ ಮೂರು ವರ್ಷ.

ಗುಜರಿಗೆ ಹಾಕಿ ಎಂದರು ಮೇಲಿನವರು.
ಆಡಿಟ್ ಆಗಬೇಕಲ್ಲ, ಎಂದೆ.
ಆಡಿಟ್ ಎಂದರೆ ಎಂಥವರೂ ತಣ್ಣಗಾಗುತ್ತಾರೆ;
ರೈಲ್ವೆ ಕಲಿಸಿದ ವಿದ್ಯೆ.

ನೆರಿಯಾ ಅಪೊಂಡಿ ಬಂದಳು, ಮೈಯೆಲ್ಲ ಮೀನಿನ ವಾಸನೆ,
ಹನ್ನೊಂದು ವರ್ಷ ದಡದಲ್ಲಿ ತಕ್ಕಡಿ ಹಿಡಿದ ಕೈ.
ಬೈಕಿನ ಬೆನ್ನಿಗೊಂದು ತಂಪುಪೆಟ್ಟಿಗೆ, ಅಷ್ಟೇ ಅವಳ ಮಾತು.
ಮೇಲೆ, ಗಾಜಿನ ಕೋಣೆಯಲ್ಲಿ, ಕೇಳಿದರಂತೆ:
ನಿಮ್ಮ ಮಾರುಕಟ್ಟೆ ಎಷ್ಟು ದೊಡ್ಡದು?
'ಮಧ್ಯಾಹ್ನದೊಳಗೆ ಕೊಳೆಯುವಷ್ಟು.'
ಯಾರೂ ನಗಲಿಲ್ಲ. ಬರೆದುಕೊಂಡರು.
ಮೂರು ತಿಂಗಳಿಗೆ ಮೇಜು ಕೊಟ್ಟರು, ಬೀಗದ ಕೈ ಕೊಟ್ಟರು,
ಲೆಕ್ಕ ಬರೆಯಲು ಕಲಿಸುವ ಒಬ್ಬ ಹುಡುಗನನ್ನು ಕೊಟ್ಟರು.
ದುಡ್ಡು ಕೊಡಲಿಲ್ಲ.

ಅವಳು ಕೆಳಗಿಳಿದು ಬಂದಳು.

ಒಗೊಲಾನ ಪೆಟ್ಟಿಗೆಯಿಂದ ಶಾಖ ಅಳೆಯುವ ಗುಂಡಿ ಬಿಚ್ಚಿದಳು.
ಬಿಸಿ ಕಾಯಲು ಸೋತದ್ದು ತಂಪು ಕಾದೀತೇ, ಕೇಳಿದೆ.
'ಅದಕ್ಕೆ ಬಿಸಿಯೂ ಗೊತ್ತಿಲ್ಲ, ತಂಪೂ ಗೊತ್ತಿಲ್ಲ, ಅಜ್ಜ,
ಗೊತ್ತಿರುವುದು ಅಂಕಿ.'
ಅವಳಿಗಳ ಹಲಗೆಗೆ ಕೆನ್ನೆಯಿಟ್ಟು ನೋಡಿದಳು,
ಮಗುವಿನ ಜ್ವರ ನೋಡುವಂತೆ.
ಶಾಯಿ ಹಿಡಿಯದ್ದು ಹಿಮ ಹಿಡಿಯಿತು.

ಪುಸ್ತಕ ತೆರೆದು ಬರೆದೆ: ಕೈಗಡ.
ಸಾಲ ಎಂದು ಬರೆಯಲಿಲ್ಲ.
ಸಾಲಕ್ಕೆ ಬಡ್ಡಿ ಇರುತ್ತದೆ,
ಕೈಗಡಕ್ಕೆ ಮುಖ ಇರುತ್ತದೆ.

ಮೊದಲ ಪೆಟ್ಟಿಗೆ ಹತ್ತೂವರೆಗೇ ಕಣ್ಣೀರಾಯಿತು.
ನಲವತ್ತು ಕಿಲೋ ಮೀನು ಕೊಕ್ಕರೆಗಳ ಪಾಲು.
ನನ್ನ ಸ್ಟೂಲಿನ ಮೇಲೆ ಕೂತಳು, ಅಳಲಿಲ್ಲ,
ತಣ್ಣಗಾದ ಮಂದಾಜಿ ಚಹಾದಲ್ಲಿ ಅದ್ದಿ ತಿಂದು
ಇದಕ್ಕಿಂತ ಉದ್ದದ ಬೋಲ್ಟು ಇದೆಯಾ, ಎಂದಳು.
ಇತ್ತು.

ನಾಲ್ಕನೆಯದು ಒಂದು ಗಂಟೆಯವರೆಗೆ ತಡೆಯುತ್ತದೆ.
ಒಂದೂವರೆಯಾದರೆ ಸಾಕು ಎನ್ನುತ್ತಾಳೆ,
ಮೂರು ತಿಂಗಳು ಮುಗಿದು ಆರು ದಿನ,
ಮೇಜು ಕೇಳಲು ಯಾರೂ ಬಂದಿಲ್ಲ,
ಮೇಲಿನವರೂ ಆಡಿಟ್ ಎನ್ನುತ್ತಿರಬಹುದು.

ಮೊನ್ನೆ ಒಗೊಲಾ ಬಂದ. ಈಗ ಬಾಡಿಗೆ ಬೈಕು ಓಡಿಸುತ್ತಾನೆ.
ನನ್ನ ಪೆಟ್ಟಿಗೆ ಇದೆಯಾ, ಎಂದ. ಪುಸ್ತಕ ತೋರಿಸಿದೆ.
ಸಾಲಿನ ಮೇಲೆ ಬೆರಳಿಟ್ಟು ಓದಿದ,
ಹಿಂದಕ್ಕೊಮ್ಮೆ, ಮುಂದಕ್ಕೊಮ್ಮೆ.
ಆಮೇಲೆ ಅವಳ ನಂಬರು ಕೇಳಿದ.
ಇವತ್ತು ಬೆಳಿಗ್ಗೆ ಗೇಟು ದಾಟಿ ಹೋದ,
ಬೆನ್ನ ಹಿಂದೆ ಪೆಟ್ಟಿಗೆ, ಪೆಟ್ಟಿಗೆಯೊಳಗೆ
ತಾನೇ ಕೂರಿಸಿದ್ದ ಗುಂಡಿಯ ಟಿಕ್ ಟಿಕ್.
ರಸ್ತೆಯ ಗದ್ದಲದಲ್ಲಿ ಕೇಳಿಸಿತೋ ಇಲ್ಲವೋ.

'ವಾಪಸು ಬಂದ ತಾರೀಖು' ಎಂಬ ಕಲಮು ಖಾಲಿಯಿದೆ.

ಆ ಕುಂಟು ಮರಿ ನಮ್ಮ ಮನೆಯಲ್ಲಿದೆ.
ಈಗ ಹೇಂಟೆ, ವಾರಕ್ಕೆ ನಾಲ್ಕು ಮೊಟ್ಟೆ.
ಅದನ್ನು ಮಾತ್ರ ಪುಸ್ತಕದಲ್ಲಿ ಬರೆದಿಲ್ಲ.